ಎರಡು ವರ್ಷ ಕಾದ ಹೆಪ್ಪು

ನಮ್ಮ ಮೊಸರು ಒಂದು ರಾತ್ರಿಯ ಕೆಲಸ. ಇಟಲಿಯ ಪಾರ್ಮಿಜಾನೊ ಚೀಸ್‌ಗೆ ಎರಡು ವರ್ಷ ಬೇಕು. ಎರಡರಲ್ಲೂ ದುಡಿಯುವುದು ಒಂದೇ ಕುಲದ ಬ್ಯಾಕ್ಟೀರಿಯಾ. ಆದರೆ ಚೀಸ್‌ನೊಳಗಿನವಕ್ಕೆ ಸಾವೇ ಬಡ್ತಿ: ಅವು ಸತ್ತ ಮೇಲೇ ರುಚಿ ಶುರು!

ಟಕ್. ಟಕ್. ಟಕ್ ಟಕ್.

ಉತ್ತರ ಇಟಲಿಯ ರೆಜ್ಜೊ ಎಮಿಲಿಯಾ ಪ್ರಾಂತ್ಯದ ಒಂದು ಗೋದಾಮು. ಎರಡೂ ಕಡೆ ಸೂರಿನವರೆಗೆ ಮರದ ಹಲಗೆಗಳ ಸಾಲು. ಹಲಗೆಗಳ ತುಂಬ ಹೊಂಬಣ್ಣದ ಚೀಸ್ ಗಾಲಿಗಳು. ಒಂದೊಂದೂ ಸುಮಾರು 40 ಕಿಲೊ. ನಡುವಿನ ಓಣಿಯಲ್ಲಿ ಒಬ್ಬಾತ ಪುಟ್ಟ ಸುತ್ತಿಗೆ ಹಿಡಿದು, ಒಂದು ಗಾಲಿಯನ್ನು ತಿರುಗಿಸುತ್ತಾ ಬಡಿಯುತ್ತಿದ್ದಾನೆ. ಕಣ್ಣು ಎಲ್ಲೋ ಇದೆ. ಕಿವಿ ಮಾತ್ರ ಗಾಲಿಯ ಮೇಲೆ.

ನಮ್ಮ ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳು ಮಡಚಿ ಬಡಿದು ನೋಡುತ್ತಾರಲ್ಲ, ಹಲಸಿನಕಾಯಿಗೆ ತಟ್ಟಿ ಹಣ್ಣಾಗಿದೆಯೋ ಇಲ್ಲವೋ ಹೇಳುತ್ತಾರಲ್ಲ, ಅದೇ ವಿದ್ಯೆ. ಸದ್ದು ಎಲ್ಲ ಕಡೆ ಒಂದೇ ಸಮ ಬಂದರೆ ಸರಿ. ಎಲ್ಲಾದರೂ ಪೊಳ್ಳಾಗಿ ಕೇಳಿಸಿತೋ, ಒಳಗೆ ಬಿರುಕಿದೆ ಅಥವಾ ಗಾಳಿ ಸೇರಿದೆ.

12 ತಿಂಗಳು ತುಂಬಿದ ಪ್ರತಿ ಪಾರ್ಮಿಜಾನೊ ರೆಜ್ಜಾನೊ ಗಾಲಿಗೂ ಈ ಪರೀಕ್ಷೆ ತಪ್ಪದು. ಪಾಸಾದರೆ ಮೈಮೇಲೆ ಕಾದ ಕಬ್ಬಿಣದ ಮುದ್ರೆ. ಫೇಲಾದರೆ ಸುತ್ತ ಬರೆದಿರುವ ಚುಕ್ಕಿ ಅಕ್ಷರಗಳನ್ನು ಹೆರೆದುಹಾಕಿ, ಹೆಸರಿಲ್ಲದ ಬರೀ ಚೀಸ್ ಮಾಡಿ ಕಳಿಸುತ್ತಾರೆ.

ಇಷ್ಟು ಕಾವಲು ಕಾಯುವಂಥದ್ದು ಒಳಗೆ ಏನು ನಡೆಯುತ್ತಿದೆ?

ಕರಿಬೇವಿನ ಬುಡಕ್ಕೆ ಹೋಗುವ ಮಜ್ಜಿಗೆ

ಅದನ್ನು ಹೇಳಲು ನಮ್ಮ ಅಡುಗೆಮನೆಗೇ ಬರಬೇಕು. ಚಳಿಗಾಲ ಬಂತೆಂದರೆ ಇಲ್ಲಿ ಮೊಸರಿನ ರಾಮಾಯಣ. ಬೆಳಿಗ್ಗೆ ಮುಚ್ಚಳ ತೆಗೆದರೆ ಹಾಲು ಹಾಲಾಗಿಯೇ ಇರುತ್ತದೆ. ಅಮ್ಮ ಪಾತ್ರೆಗೆ ಹಳೆ ಶಾಲು ಸುತ್ತಿ ಅಕ್ಕಿಡಬ್ಬದೊಳಗೆ ಕೂರಿಸುತ್ತಾಳೆ. ಅಜ್ಜಿ ಇದ್ದಾಗ ಒಲೆ ಪಕ್ಕದ ಬೂದಿಬಿಸಿಯೇ ಸಾಕಾಗುತ್ತಿತ್ತು.

ಹೆಪ್ಪು ಮುಗಿದ ದಿನ ಪಕ್ಕದ ಮನೆಗೆ ಬಟ್ಟಲು ಹಿಡಿದು ಓಡುವುದು ನನ್ನ ಪಾಲಿನ ಕೆಲಸ. ಅದೂ ದೀಪ ಹಚ್ಚುವುದರೊಳಗೆ. ದೀಪ ಹಚ್ಚಿದ ಮೇಲೆ ಯಾರೂ ಹೆಪ್ಪು ಕೊಡುತ್ತಿರಲಿಲ್ಲ. ತಡವಾಯಿತೋ, ಅಜ್ಜಿ ಒಣಮೆಣಸಿನಕಾಯಿಯ ನಾಲ್ಕು ತೊಟ್ಟು ಮುರಿದು ಬೆಚ್ಚಗಿನ ಹಾಲಿಗೆ ಹಾಕಿಡುತ್ತಿದ್ದಳು. ಬೆಳಗಾಗುವಷ್ಟರಲ್ಲಿ ತೆಳ್ಳಗೆ ಮೊಸರು. ಮೆಣಸಿನಕಾಯಿಗೇ ಏನೋ ಮಹಿಮೆ ಇದೆ ಎಂದುಕೊಂಡಿದ್ದೆ. ಮಹಿಮೆ ತೊಟ್ಟಿಗೆ ಅಂಟಿಕೊಂಡಿದ್ದ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾದ್ದು.

ಈ ಬ್ಯಾಕ್ಟೀರಿಯಾಗಳಿಗೆ ಹಾಲಿನ ಸಕ್ಕರೆ ಎಂದರೆ ಪ್ರಾಣ. ಅದನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಹುಳಿ ಏರಿದಂತೆ ಹಾಲಿನೊಳಗೆ ತೇಲುತ್ತಿರುವ ಕೇಸಿನ್ ಎಂಬ ಪ್ರೋಟೀನಿನ ಉಂಡೆಗಳು ಒಂದಕ್ಕೊಂದು ಅಂಟಿ ಬಲೆ ಹೆಣೆಯುತ್ತವೆ. ಬಲೆಯೊಳಗೆ ನೀರು, ಕೊಬ್ಬು ಸಿಕ್ಕಿಬಿದ್ದರೆ ಅದೇ ಮೊಸರು.

ನಾವು ಅಷ್ಟಕ್ಕೇ ನಿಲ್ಲಿಸುತ್ತೇವೆ. ಇನ್ನೊಂದು ದಿನ ಬಿಟ್ಟರೆ ಮಜ್ಜಿಗೆಹುಳಿಗಾಯಿತು. ಮತ್ತೂ ಬಿಟ್ಟರೆ ಕರಿಬೇವಿನ ಗಿಡದ ಬುಡಕ್ಕೆ. ಸಕ್ಕರೆ ತಿಂದು ಮುಗಿಸಿದ ಬ್ಯಾಕ್ಟೀರಿಯಾ ಪ್ರೋಟೀನಿಗೆ ಸರಿಯಾಗಿ ಕೈಹಾಕುವ ಮೊದಲೇ ಅದರ ಊಟದೆಲೆ ಎತ್ತಿಬಿಡುತ್ತೇವೆ. ಎಲೆ ಎತ್ತದೆ, ಉಪ್ಪುಹಾಕಿ, ನೀರಿಳಿಸಿ, ವರ್ಷಗಟ್ಟಲೆ ಕಾದವರಿಗೆ ಸಿಕ್ಕಿದ್ದು ಚೀಸ್.

ಒಂದು ಸಣ್ಣ ತಕರಾರು ಇಲ್ಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಚೀಸ್ ಬಂದಲ್ಲೆಲ್ಲ ‘ಗಿಣ್ಣು’ ಎಂದು ಬರೆಯುವ ಚಾಳಿಯಿದೆ. ಗಿಣ್ಣು ಎಂದರೆ ಕರು ಹಾಕಿದ ಹಸುವಿನ ಮೊದಲ ಹಾಲನ್ನು ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ್ದು. ಅದು ಬಿಸಿಗೆ ಗಟ್ಟಿಯಾಗುವಂಥದ್ದು. ಅದರಲ್ಲಿ ಹೆಪ್ಪಿನ ಕೈವಾಡ ಏನೂ ಇಲ್ಲ. ಚೀಸನ್ನು ಚೀಸ್ ಎಂದೇ ಕರೆಯೋಣ, ಗಿಣ್ಣನ್ನು ಗಿಣ್ಣಾಗಿಯೇ ತಿನ್ನೋಣ.

ತಾಮ್ರದ ಹಂಡೆಯಲ್ಲಿ ಬೆಳಗಿನ ಕೆಲಸ

ಪಾರ್ಮಾ, ರೆಜ್ಜೊ ಎಮಿಲಿಯಾ, ಮೊದೆನಾ ಪ್ರಾಂತ್ಯಗಳು, ಜೊತೆಗೆ ಬೊಲೊನ್ಯ ಮತ್ತು ಮಾಂತೊವಾದ ಒಂದಿಷ್ಟು ಭಾಗ. ಈ ಎಲ್ಲೆಯೊಳಗಿನ ಹಾಲಿನಿಂದ ಮಾಡಿದ್ದಕ್ಕೆ ಮಾತ್ರ ಪಾರ್ಮಿಜಾನೊ ರೆಜ್ಜಾನೊ ಎಂಬ ಹೆಸರು.

ಸಂಜೆ ಕರೆದ ಹಾಲನ್ನು ಅಗಲವಾದ ತೊಟ್ಟಿಗಳಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಮೇಲೆ ಬಂದ ಕೆನೆ ತೆಗೆದು, ಬೆಳಗಿನ ಹಸಿ ಹಾಲಿನೊಂದಿಗೆ ತಾಮ್ರದ ಹಂಡೆಗೆ ಸುರಿಯುತ್ತಾರೆ. ಬೋರಲು ಹಾಕಿದ ಗಂಟೆಯ ಆಕಾರದ ಹಂಡೆ ಅದು. ಹಿಡಿಯುವುದು ಸುಮಾರು 1,100 ಲೀಟರ್ ಹಾಲು. ಅಷ್ಟರಿಂದ ಹುಟ್ಟುವುದು ಎರಡೇ ಗಾಲಿ. ಜೋಡಿಯನ್ನು ಅವಳಿ ಎಂದೇ ಕರೆಯುತ್ತಾರೆ.

ಈಗ ಬರುತ್ತದೆ ಹೆಪ್ಪು. ಪೊಟ್ಟಣದ ಪುಡಿ ಹೆಪ್ಪಲ್ಲ. ನಿನ್ನೆ ಚೀಸ್ ಮಾಡಿದಾಗ ಉಳಿದ ಹಾಲೊಡಕಿನ ನೀರು, ರಾತ್ರಿಯಿಡೀ ಬೆಚ್ಚಗಿದ್ದು ಚೆನ್ನಾಗಿ ಹುಳಿತದ್ದು. ನಿನ್ನೆಯದಕ್ಕೆ ಮೊನ್ನೆಯದು, ಮೊನ್ನೆಯದಕ್ಕೆ ಆಚೆ ಮೊನ್ನೆಯದು. ನಮ್ಮ ಅಮ್ಮಂದಿರು ಒಂದು ಚಮಚ ಮೊಸರು ಎತ್ತಿಡುವ ಲೆಕ್ಕವೇ. ಅಲ್ಲಿ ಅದು ಲೀಟರುಗಟ್ಟಲೆ, ಅಷ್ಟೆ.

ಹೆಪ್ಪಿನ ಹಿಂದೆಯೇ ರೆನೆಟ್. ಹಾಲು ಕುಡಿಯುವ ಕರುವಿನ ನಾಲ್ಕನೇ ಹೊಟ್ಟೆಯಿಂದ ತೆಗೆಯುವ ಕಿಣ್ವ. ಕೇಸಿನ್ ಉಂಡೆಗಳ ಮೈಮೇಲೆ ಕೂದಲಿನಂಥ ಎಳೆಗಳಿರುತ್ತವೆ. ಅವು ಇರುವತನಕ ಉಂಡೆಗಳು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ. ರೆನೆಟ್ ಮಾಡುವುದು ಕ್ಷೌರಿಕನ ಕೆಲಸ. ಎಳೆಗಳನ್ನು ನುಣ್ಣಗೆ ಬೋಳಿಸಿಬಿಡುತ್ತದೆ. ಹತ್ತು ನಿಮಿಷದ ಆಸುಪಾಸಿನಲ್ಲಿ ಹಂಡೆಯ ಹಾಲೆಲ್ಲ ಗಡ್ಡೆ.

ಗಡ್ಡೆಯನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಒಡೆದು, 55 ಡಿಗ್ರಿವರೆಗೆ ಕಾಯಿಸಿ, ತಳಕ್ಕೆ ಇಳಿಯಲು ಬಿಡುತ್ತಾರೆ. ಮುಕ್ಕಾಲು ಗಂಟೆ ಕಳೆದು ಇಬ್ಬರು ಲಿನನ್ ಬಟ್ಟೆಯ ತುದಿಗಳನ್ನು ಹಿಡಿದು ಹಂಡೆಯೊಳಗಿಂದ ದೊಡ್ಡ ಬಿಳಿ ಮುದ್ದೆಯನ್ನು ಎತ್ತುತ್ತಾರೆ. ಒಬ್ಬ ಚಾಕು ಹಾಕಿ ಎರಡು ಹೋಳು ಮಾಡುತ್ತಾನೆ. ನೋಡಲು ಥೇಟ್ ಬಟ್ಟೆಯಲ್ಲಿ ಕಟ್ಟಿದ ಪನೀರ್, ತೂಕ ಮಾತ್ರ ಬೆನ್ನು ಮುರಿಯುವಷ್ಟು.

ಆ 55 ಡಿಗ್ರಿ ಬಿಸಿಯೇ ಜರಡಿ. ಸಾಮಾನ್ಯ ಬ್ಯಾಕ್ಟೀರಿಯಾ ಅದರಲ್ಲಿ ಬದುಕುವುದು ಕಷ್ಟ. ದಾಟಿ ಬರುವವು ಲ್ಯಾಕ್ಟೋಬ್ಯಾಸಿಲಸ್ ಹೆಲ್ವೆಟಿಕಸ್, ಲ್ಯಾಕ್ಟೋಬ್ಯಾಸಿಲಸ್ ಡೆಲ್‌ಬ್ರೂಕಿಯಂಥ ಬಿಸಿ ತಡೆಯುವ ಜಾತಿಗಳು. ಅಚ್ಚಿನಲ್ಲಿ ಕೂತ ಗಾಲಿ ಅಂಚಿನಿಂದ ಒಳಕ್ಕೆ ನಿಧಾನವಾಗಿ ತಣಿಯುತ್ತಾ ಬರುತ್ತದೆ. ತಣಿದಷ್ಟು ಜಾಗದಲ್ಲಿ ಅವು ಮೈಮುರಿದು ಏಳುತ್ತವೆ. ಒಂದೆರಡು ದಿನದೊಳಗೆ ಸಕ್ಕರೆಯೆಲ್ಲ ಖಾಲಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರೂ ಈ ಚೀಸ್ ತಿಂದು ಅರಗಿಸಿಕೊಳ್ಳುವುದು ಇದರಿಂದಲೇ.

ಆಮೇಲೆ ಸುಮಾರು ಮೂರು ವಾರ ಉಪ್ಪುನೀರಿನ ಸ್ನಾನ. ನಂತರ ಮರದ ಹಲಗೆ. ಮನುಷ್ಯರ ಕೆಲಸ ಬಹುಪಾಲು ಇಲ್ಲಿಗೆ ಮುಗಿಯಿತು.

---

ಸಸ್ಯಾಹಾರಿಗಳ ಗಮನಕ್ಕೆ

ಪಾರ್ಮಿಜಾನೊ ರೆಜ್ಜಾನೊಗೆ ಕರುವಿನ ರೆನೆಟ್ ಬಿಟ್ಟು ಬೇರೆ ಬಳಸುವಂತಿಲ್ಲ. ಇದು ಹೆಸರಿನ ಜೊತೆ ಬಂದ ನಿಯಮ. ಆದರೆ ಬೇರೆ ಚೀಸ್‌ಗಳಿಗೆ ಶಿಲೀಂಧ್ರದಿಂದ ತೆಗೆದ ರೆನೆಟ್ ಧಾರಾಳವಾಗಿ ಬಳಕೆಯಲ್ಲಿದೆ. ಕರುವಿನ ಕಿಣ್ವದ ಜೀನನ್ನೇ ಸೂಕ್ಷ್ಮಾಣುಗಳಿಗೆ ಸೇರಿಸಿ ಅದೇ ಕಿಣ್ವವನ್ನು ತಯಾರಿಸುವ ದಾರಿಗೆ ಅಮೆರಿಕ ಒಪ್ಪಿಗೆ ಕೊಟ್ಟಿದ್ದು 1990ರಲ್ಲಿ. ಪೊಟ್ಟಣದ ಹಿಂಬದಿ ಓದದೆ ಕೊಳ್ಳಬೇಡಿ.

---

ಕಬ್ಬು ಸಿಗಿದಂತೆ

ಸಕ್ಕರೆಯಿಂದ ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ. ಬ್ಯಾಕ್ಟೀರಿಯಾಕ್ಕೂ ಹಾಗೇ. ಮೈಕಟ್ಟಿಕೊಳ್ಳಲು ಅಮೈನೋ ಆಮ್ಲಗಳು ಬೇಕು. ತಲೆಮಾರುಗಟ್ಟಲೆ ಹಾಲಿನ ಸುಖದಲ್ಲಿ ಬೆಳೆದ ಈ ಕುಲ, ಹಲವು ಅಮೈನೋ ಆಮ್ಲಗಳನ್ನು ತಾನೇ ಮಾಡಿಕೊಳ್ಳುವ ವಿದ್ಯೆಯನ್ನು ಮರೆತಿದೆ. ಹಾಲಿನಲ್ಲಿ ಅವು ಬಿಡಿಬಿಡಿಯಾಗಿ ಸಿಗುವುದೂ ಅತ್ಯಲ್ಪ. ಇರುವುದೆಲ್ಲ ಕೇಸಿನ್ ಎಂಬ ಉದ್ದನೆಯ ಸರಪಳಿಯಲ್ಲಿ ಪೋಣಿಸಿಕೊಂಡಿದೆ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ 80ರಷ್ಟು ಕೇಸಿನ್ನೇ.

ಕಬ್ಬಿನ ಇಡೀ ಜಲ್ಲೆಯನ್ನು ಯಾರೂ ಬಾಯಿಗೆ ತುರುಕಿಕೊಳ್ಳುವುದಿಲ್ಲ. ಮೊದಲು ಮಚ್ಚಿನಿಂದ ತುಂಡು, ಆಮೇಲೆ ಹಲ್ಲಿನಿಂದ ಸಿಗಿತ. ಬ್ಯಾಕ್ಟೀರಿಯಾ ಮಾಡುವುದೂ ಇದನ್ನೇ. ಅದರ ಹೊರಗೋಡೆಯಲ್ಲಿ ಒಂದು ಮಚ್ಚು ನೆಟ್ಟಿರುತ್ತದೆ. ಅದೊಂದು ಕಿಣ್ವ. ಎದುರಿಗೆ ಬಂದ ಕೇಸಿನ್ನನ್ನು ಅದು ಸಣ್ಣ ತುಂಡುಗಳಾಗಿ ಕಡಿಯುತ್ತದೆ. ಈ ತುಂಡುಗಳಿಗೆ ಪೆಪ್ಟೈಡ್ ಎಂದು ಹೆಸರು. ಬಾಗಿಲಲ್ಲಿ ಕಾದು ನಿಂತ ಸಾಗಣೆದಾರ ಪ್ರೋಟೀನುಗಳು ತುಂಡುಗಳನ್ನು ಒಳಗೆ ಸೆಳೆಯುತ್ತವೆ. ಒಳಗೆ ಬೇರೆ ಬೇರೆ ಹಲ್ಲುಗಳು: ಒಂದು ತುದಿಯಿಂದ ಒಂದೊಂದೇ ಕಚ್ಚುವುದು, ಒಂದು ಎರಡೆರಡು ಕಚ್ಚುವುದು.

ಕಬ್ಬಿಗೆ ಗೆಣ್ಣು ಇದ್ದ ಹಾಗೆ ಕೇಸಿನ್ನಿಗೂ ಗೆಣ್ಣುಗಳಿವೆ. ಪ್ರೋಲಿನ್ ಎಂಬ ಅಮೈನೋ ಆಮ್ಲ ಬಂದಲ್ಲಿ ಸರಪಳಿ ಗಡುಸಾಗಿ ಬಾಗುತ್ತದೆ, ಸಾಮಾನ್ಯ ಹಲ್ಲು ಅಲ್ಲಿ ನಾಟುವುದಿಲ್ಲ. ಬೀಟಾ ಕೇಸಿನ್ ಎಂಬ ಬಗೆಯ 209 ಕೊಂಡಿಗಳಲ್ಲಿ 35 ಪ್ರೋಲಿನ್ನೇ! ಅದಕ್ಕೆಂದೇ ಈ ಬ್ಯಾಕ್ಟೀರಿಯಾಗಳು ಗೆಣ್ಣು ಬಿಡಿಸುವ ವಿಶೇಷ ಕಿಣ್ವವನ್ನು ಇಟ್ಟುಕೊಂಡಿವೆ. ಹಾಲಿನ ಮನೆಯಲ್ಲಿ ಬದುಕಬೇಕಾದರೆ ಅದಿಲ್ಲದೆ ಆಗುವುದಿಲ್ಲ.

ಬಿಟ್ಟಿ ಊಟದ ಗಿರಾಕಿಗಳೂ ಇದ್ದಾರೆ. ಚೆಡ್ಡರ್, ಗೌಡಾ ಚೀಸ್ ಮಾಡುವ ಲ್ಯಾಕ್ಟೋಕಾಕಸ್‌ಗಳಲ್ಲಿ ಹೊರಗಿನ ಮಚ್ಚಿನ ಜೀನ್ ಇರುವುದು ಮುಖ್ಯ ವರ್ಣತಂತುವಿನಲ್ಲಲ್ಲ, ಪ್ಲಾಸ್ಮಿಡ್ ಎಂಬ ಬಿಡಿ ಉಂಗುರದಲ್ಲಿ. ಪೀಳಿಗೆ ಕಳೆದಂತೆ ಕೆಲವು ಈ ಉಂಗುರವನ್ನು ಕಳೆದುಕೊಳ್ಳುತ್ತವೆ. ಕಳೆದುಕೊಂಡರೆ ಸಾಯಬೇಕಿತ್ತು. ಆದರೆ ಪಕ್ಕದವರು ಕಡಿದ ತುಂಡುಗಳಲ್ಲಿ ಒಂದಿಷ್ಟು ಹೊರಗೆ ಚೆಲ್ಲಿರುತ್ತದಲ್ಲ, ಅದನ್ನೇ ಆಯ್ದುಕೊಂಡು ಹಾಯಾಗಿರುತ್ತವೆ. ಮಚ್ಚು ತಯಾರಿಸುವ ಖರ್ಚೂ ಉಳಿಯಿತು. ಇಂಥವರ ಸಂಖ್ಯೆ ಮಿತಿಮೀರಿದರೆ ಹೆಪ್ಪು ಸೋಮಾರಿಯಾಗಿ ಹಾಲು ಹುಳಿಯುವುದೇ ನಿಧಾನವಾಗುತ್ತದೆ.

ಸತ್ತ ಮೇಲಿನ ದುಡಿಮೆ

ಇಷ್ಟಾದರೂ ರುಚಿ ಇನ್ನೂ ಬಂದಿಲ್ಲ. ಎಳೆ ಚೀಸ್ ಸಪ್ಪೆ, ರಬ್ಬರಿನಂಥದ್ದು. ಅರ್ಧಂಬರ್ಧ ಕಡಿದ ಪೆಪ್ಟೈಡ್‌ಗಳ ಪೈಕಿ ಕೆಲವು ಹಾಗಲಕಾಯಿಯಂತೆ ಕಹಿ. ಬೀಟಾ ಕೇಸಿನ್ನಿನ ಬಾಲದ ತುಂಡು ಇದಕ್ಕೆ ಕುಖ್ಯಾತ. ಅಲ್ಲಿಗೇ ಕೆಲಸ ನಿಂತುಹೋದರೆ ಚೀಸ್ ಕೆಟ್ಟ ಹಾಗೆಯೇ.

ಗಾಲಿಯೊಳಗೆ ಈಗ ಕ್ಷಾಮ. ಸಕ್ಕರೆ ಮುಗಿದಿದೆ, ಉಪ್ಪು ಒಳಗಿಳಿಯುತ್ತಿದೆ, ನೀರು ಆರುತ್ತಿದೆ, ಬಿಸಿಯಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾಗಳು ರಾಶಿರಾಶಿಯಾಗಿ ಸಾಯುತ್ತವೆ. ಸತ್ತವುಗಳ ಗೋಡೆ ಒಡೆದು ಒಳಗಿದ್ದ ಹಲ್ಲುಗಳೆಲ್ಲ ಚೀಸ್‌ನೊಳಕ್ಕೆ ಚೆಲ್ಲುತ್ತವೆ.

ಹಲ್ಲಿಗೆ ಯಜಮಾನ ಸತ್ತಿದ್ದು ಗೊತ್ತಿಲ್ಲ. ಕಿಣ್ವಕ್ಕೆ ಜೀವ ಬೇಕಿಲ್ಲ, ಕಚ್ಚಲು ಪೆಪ್ಟೈಡ್ ಇದ್ದರೆ ಸಾಕು. ತಿಂಗಳುಗಟ್ಟಲೆ ಅದು ಕಹಿ ತುಂಡುಗಳನ್ನು ಬಿಡಿಬಿಡಿ ಅಮೈನೋ ಆಮ್ಲಗಳಾಗಿ ಕಡಿಯುತ್ತಲೇ ಇರುತ್ತದೆ. ಹಸುವಿನ ರಕ್ತದಿಂದ ಹಾಲಿಗೆ ಬಂದ ಪ್ಲಾಸ್ಮಿನ್ ಎಂಬ ಕಿಣ್ವವೂ ಜೊತೆಗಿದೆ. ಮೈಯಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವುದು ಅದರ ಕಸುಬು. ಇಲ್ಲಿ ಕೇಸಿನ್ ಕಡಿಯುತ್ತದೆ. ಇತ್ತ ಹಸಿ ಹಾಲಿನಿಂದಲೇ ಬಂದು ಮೂಲೆಯಲ್ಲಿ ಕೂತಿದ್ದ ರಾಮ್ನೋಸಸ್, ಪ್ಯಾರಾಕೇಸೈ ಎಂಬ ಇನ್ನೆರಡು ಜಾತಿಗಳು, ಸತ್ತವರ ಅವಶೇಷ ತಿಂದು ಬೆಳೆಯುತ್ತವೆ. ಮೊದಲ ಪಂಕ್ತಿ ಎದ್ದ ಮೇಲೆ ಎರಡನೇ ಪಂಕ್ತಿ.

ಎರಡು ವರ್ಷಕ್ಕೆ ಗಾಲಿಯ ಪ್ರೋಟೀನಿನಲ್ಲಿ ಸುಮಾರು ಐದರಲ್ಲೊಂದು ಪಾಲು ಬಿಡಿ ಅಮೈನೋ ಆಮ್ಲವಾಗಿರುತ್ತದೆ. ಅದರಲ್ಲಿ ದೊಡ್ಡ ಪಾಲು ಗ್ಲುಟಮೇಟ್‌ನದು. ನೂರು ಗ್ರಾಂ ಚೀಸ್‌ನಲ್ಲಿ ಒಂದು ಗ್ರಾಮಿಗೂ ಹೆಚ್ಚು. 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ಕಡಲಪಾಚಿಯ ಸಾರಿನಲ್ಲಿ ಕಂಡುಹಿಡಿದು ‘ಉಮಾಮಿ’ ಎಂದು ಕರೆದದ್ದು ಇದರ ರುಚಿಯನ್ನೇ. ಗೋಬಿ ಮಂಚೂರಿ ಗಾಡಿಯವನು ಟೇಸ್ಟಿಂಗ್ ಪೌಡರ್ ಎಂದು ಚಿಟಿಕೆ ಉದುರಿಸುವುದೂ ಅದನ್ನೇ. ಬೈಯುವಾಗ ಇದು ನೆನಪಿರಲಿ.

ಕೆಲವು ಅಮೈನೋ ಆಮ್ಲಗಳು ಇನ್ನೂ ಮುಂದಕ್ಕೆ ಹೋಗಿ ಗಾಳಿಗೆ ಹಾರುವ ಪರಿಮಳವಾಗುತ್ತವೆ. ಲೂಸಿನ್ ಒಡೆದರೆ ಹುರಿದ ಕಾಳಿನ, ಮಾಲ್ಟಿನ ವಾಸನೆ. ಗಂಧಕ ಇರುವ ಮೆಥಿಯೋನಿನ್ ಒಡೆದರೆ ಬೆಂದ ಎಲೆಕೋಸು, ಬೆಳ್ಳುಳ್ಳಿ. ಫಿನೈಲ್‌ಅಲನಿನ್‌ನಿಂದ ಜೇನು, ಗುಲಾಬಿ. ಕೊಬ್ಬಿನ ಕಡೆಯಿಂದ ಬಂದ ಎಸ್ಟರ್‌ಗಳದ್ದು ಅನಾನಸಿನ ಘಮ. ಒಂದೊಂದೂ ಬೇರೆಯಾಗಿ ಮೂಗಿಗೆ ಬಂದರೆ ಸಹಿಸುವುದು ಕಷ್ಟ. ಅಳತೆ ತಪ್ಪದೆ ಬೆರೆತರೆ ಚೀಸ್.

ಚಿಕ್ಕಪ್ಪನ ಮಗಳು ಬೊಲೊನ್ಯದಿಂದ ಒಂದು ತುಂಡು ತಂದಿದ್ದಳು. ಅಮ್ಮ ಮೊದಲು ಕೇಳಿದ್ದು, ‘ಇದಕ್ಕೆ ಏನೇನು ಹಾಕಿರ್ತಾರೆ?’ ಕರುವಿನ ಹೊಟ್ಟೆಯ ವಿಷಯ ಮುಚ್ಚಿಡಲು ಮನಸ್ಸಾಗಲಿಲ್ಲ. ಹೇಳಿದೆ. ‘ಹಾಗಿದ್ರೆ ನಂಗೆ ಬೇಡಪ್ಪ’ ಎಂದವಳು, ಕೈಗೆ ತಗೊಂಡು ಮೂಸಿ ಮಾತ್ರ ನೋಡಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು. ‘ಬೆಣ್ಣೆ ಕಾಯಿಸಿ ತುಪ್ಪ ಬಗ್ಗಿಸಿದ ಮೇಲೆ ಪಾತ್ರೆ ತಳದಲ್ಲಿ ಗಸಿ ಉಳಿಯುತ್ತಲ್ಲ, ಆ ವಾಸನೆ. ಹಿಂದೆ ಎಲ್ಲೋ ಅನಾನಸು.’ ಯಾವ ಪರಿಣತನ ನಾಲಿಗೆಗೂ ಕಡಿಮೆಯಿಲ್ಲದ ತೀರ್ಪು, ಅದೂ ತಿನ್ನದೆ.

ನಾನು ತಿಂದೆ. ಹಲ್ಲಿಗೆ ಕರಕರ ಎಂದು ಬಿಳಿಯ ಹರಳು ಸಿಕ್ಕಿತು. ಉಪ್ಪಿರಬೇಕು ಎಂದುಕೊಂಡರೆ ಅಲ್ಲ, ಟೈರೋಸಿನ್. ಅದೂ ಕೇಸಿನ್ನಿನಿಂದ ಬಿಡಿಯಾದ ಒಂದು ಅಮೈನೋ ಆಮ್ಲವೇ, ನೀರಿನಲ್ಲಿ ಸುಲಭಕ್ಕೆ ಕರಗದ್ದರಿಂದ ಹರಳಾಗಿ ಕೂರುತ್ತದೆ. 1846ರಲ್ಲಿ ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ಅದನ್ನು ಮೊದಲು ಕಂಡದ್ದೂ ಚೀಸ್‌ನ ಕೇಸಿನ್‌ನಲ್ಲೇ. ಅದಕ್ಕೇ ಗ್ರೀಕರ ಚೀಸ್ ಪದದಿಂದ ಹುಟ್ಟಿದ ಹೆಸರು. ಚೀಸ್ ಮಾಗಿದೆ ಎನ್ನಲು ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ.

---

ಹೆಪ್ಪಿನ ಶತ್ರು ತಂದ ನೊಬೆಲ್

ಹೆಪ್ಪಿನ ಬ್ಯಾಕ್ಟೀರಿಯಾಗಳಿಗೂ ವೈರಸ್ ಕಾಟವಿದೆ. ಫೇಜ್ ಎಂಬ ವೈರಸ್ ನುಗ್ಗಿದರೆ ಹಂಡೆಗಟ್ಟಲೆ ಹಾಲು ಹುಳಿಯದೆ ಹಾಳಾಗುತ್ತದೆ. 2007ರಲ್ಲಿ ಡ್ಯಾನಿಸ್ಕೊ ಕಂಪನಿಯ ವಿಜ್ಞಾನಿಗಳು ಮೊಸರು, ಚೀಸ್ ಎರಡರಲ್ಲೂ ಬಳಸುವ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್‌ನಲ್ಲಿ ಒಂದು ಸೋಜಿಗ ತೋರಿಸಿದರು: ದಾಳಿಯಿಂದ ಬದುಕುಳಿದವು ಶತ್ರುವಿನ ಡಿಎನ್‌ಎ ಚೂರನ್ನು ತಮ್ಮದರೊಳಗೆ ಇಟ್ಟುಕೊಂಡು ಮುಂದಿನ ಸಲ ಗುರುತು ಹಿಡಿಯುತ್ತವೆ. ಅದೇ ಕ್ರಿಸ್ಪರ್. ಅದನ್ನು ಜೀನ್ ಕತ್ತರಿಸುವ ಕತ್ತರಿಯಾಗಿಸಿದ ಇಮ್ಯಾನ್ಯುಯೆಲ್ ಶಾರ್ಪಾಂತಿಯೆ, ಜೆನಿಫರ್ ಡೌಡ್ನಾ ಅವರಿಗೆ 2020ರ ರಸಾಯನಶಾಸ್ತ್ರದ ನೊಬೆಲ್ ಬಂತು.

---

ಅಡವಿಟ್ಟ ಚೀಸ್

ಕಾಯುವುದು ಪುಕ್ಕಟೆಯಲ್ಲ. ಹಾಲಿನ ದುಡ್ಡು ಇವತ್ತು ಕೊಡಬೇಕು, ಚೀಸ್ ಮಾರಾಟವಾಗುವುದು ಎರಡು ವರ್ಷದ ಮೇಲೆ. ನಡುವೆ ಹೊಟ್ಟೆಗೇನು? ನಮ್ಮವರು ಒಡವೆ ಹಿಡಿದು ಬ್ಯಾಂಕಿಗೆ ಹೋಗುತ್ತಾರೆ. ಎಮಿಲಿಯಾದವರು ಚೀಸ್ ಹಿಡಿದು ಹೋಗುತ್ತಾರೆ. ಅಲ್ಲಿನ ಕ್ರೆದಿತೊ ಎಮಿಲಿಯಾನೊ ಬ್ಯಾಂಕು ದಶಕಗಳಿಂದ ಪಾರ್ಮಿಜಾನೊ ಗಾಲಿಗಳನ್ನು ಅಡವಿಟ್ಟುಕೊಂಡು ಸಾಲ ಕೊಡುತ್ತಿದೆ. ಬ್ಯಾಂಕಿನದೇ ಗೋದಾಮುಗಳಲ್ಲಿ ಲಕ್ಷಗಟ್ಟಲೆ ಗಾಲಿ. ಒಡವೆ ಅಡವಿಟ್ಟರೆ ಸುಮ್ಮನೆ ಬಿದ್ದಿರುತ್ತದೆ. ಇದು ಬಿದ್ದಲ್ಲೇ ಮಾಗಿ ಬೆಲೆ ಏರಿಸಿಕೊಳ್ಳುತ್ತದೆ. ಅಕ್ಕಸಾಲಿಗರೂ ಹೊಟ್ಟೆಕಿಚ್ಚು ಪಡಬೇಕು.

2012ರ ಮೇ ತಿಂಗಳಲ್ಲಿ ಆ ಪ್ರದೇಶದಲ್ಲಿ ಎರಡು ಸಲ ಭೂಮಿ ನಡುಗಿತು. ಸೂರಿನೆತ್ತರದ ಹಲಗೆಗಳು ಒಂದರ ಮೇಲೊಂದು ಮಗುಚಿದವು. ಲಕ್ಷಾಂತರ ಗಾಲಿಗಳು ಉರುಳಿ ಒಡೆದವು. ಮೊದೆನಾದ ಹೆಸರಾಂತ ಬಾಣಸಿಗ ಮಾಸ್ಸಿಮೊ ಬೊತ್ತುರಾ, ಒಡೆದ ಚೀಸ್ ಖರ್ಚಾಗಲೆಂದೇ ಅಕ್ಕಿ, ಚೀಸ್, ಕರಿಮೆಣಸಿನ ಒಂದು ಅಡುಗೆ ಹೊಸೆದು ಹಂಚಿದರು. ಜಗತ್ತಿನ ನಾನಾ ಕಡೆಯ ಜನ ಅದನ್ನು ಮಾಡಿ ಉಂಡರು.

ಇನ್ನೊಂದು ಸಂಗತಿ. ಆ ಬಯಲಿನ ಹಸುಗಳ ಹಾಲು ಕರೆಯುವವರಲ್ಲಿ ಪಂಜಾಬಿನ ಸಿಖ್ಖರು ಬಹಳ ಮಂದಿ. ರೆಜ್ಜೊ ಎಮಿಲಿಯಾ ಪ್ರಾಂತ್ಯದ ನೊವೆಲ್ಲಾರಾದಲ್ಲಿ 2000ರಲ್ಲೇ ದೊಡ್ಡ ಗುರುದ್ವಾರ ತಲೆಯೆತ್ತಿದೆ. ಇಟಲಿಯವರ ಹೆಮ್ಮೆಯ ಚೀಸ್‌ಗೆ ಮೊದಲ ಕೈ ಹಾಕುವುದು ಎಷ್ಟೋ ಸಲ ಲಸ್ಸಿ ಕುಡಿದು ಬೆಳೆದವರು.

---

ಹೂತಿಟ್ಟ ನಿಧಿ

1666ರ ಸೆಪ್ಟೆಂಬರಿನಲ್ಲಿ ಲಂಡನ್ ಹೊತ್ತಿ ಉರಿಯುತ್ತಿತ್ತು. ನೌಕಾಪಡೆಯ ಅಧಿಕಾರಿ ಸ್ಯಾಮ್ಯುಯೆಲ್ ಪೆಪಿಸ್ ತೋಟದಲ್ಲಿ ಗುಂಡಿ ತೋಡಿ ಬೆಲೆಬಾಳುವ ವಸ್ತುಗಳನ್ನು ಹೂತಿಟ್ಟ. ಏನೇನು? ವೈನ್ ಮತ್ತು ತನ್ನ ಪಾರ್ಮೆಸಾನ್ ಚೀಸ್. ದಿನಚರಿಯಲ್ಲಿ ತಾನೇ ಬರೆದಿಟ್ಟಿದ್ದಾನೆ.

---

ಮಧ್ಯಾಹ್ನದ ಹೊತ್ತಿಗೆ ಚೀಸ್ ಮನೆಯ ಹಂಡೆಗಳು ತೊಳೆದು ಥಳಥಳ ಹೊಳೆಯುತ್ತಿರುತ್ತವೆ. ಉಳಿದ ಹಾಲೊಡಕಿನ ನೀರಿನಲ್ಲಿ ನಾಳೆಗೆ ಬೇಕಾದಷ್ಟನ್ನು ಎತ್ತಿಟ್ಟಾಗಿದೆ. ಮಿಕ್ಕದ್ದರಲ್ಲಿ ಬಹಳಷ್ಟು ಹಂದಿಗಳ ಪಾಲು. ಹಸು ಭಾನುವಾರವೆಂದು ಹಾಲು ಬಿಗಿಹಿಡಿಯುವುದಿಲ್ಲ, ಆದ್ದರಿಂದ ಚೀಸ್ ಮಾಡುವವರಿಗೂ ರಜೆಯಿಲ್ಲ.

ಇವತ್ತು ಬೆಳಿಗ್ಗೆ ಹುಟ್ಟಿದ ಅವಳಿಗಳು ಅಚ್ಚಿನೊಳಗೆ ಕೂತಿವೆ. ನೆತ್ತಿಯ ಮೇಲೆ ಅಂಟಿಸಿರುವ ಗುರುತಿನ ಬಿಲ್ಲೆ ಕೂಡ ಕೇಸಿನ್ನಿನದೇ. ಮಗ್ಗುಲಿಗೆ ತಿಂಗಳು, ವರ್ಷ ಒತ್ತಿದ್ದಾರೆ. ನಡುಭಾಗ ಇನ್ನೂ ಬಿಸಿಯಾಗಿದೆ. ಸುತ್ತಿಗೆಯವನು ಬರಲು 12 ತಿಂಗಳಿದೆ.